ಯಾದಿ ಕಾಕಾ

ಧಾರವಾಡದಲ್ಲೇ ಇರುವವರು ಧಾರವಾಡದ ಬಗ್ಗೆ ಮಾತಾಡುವುದು ಕಡಿಮೆ. ನಳದ ನೀರು, ರಸ್ತೆಯ ತಗ್ಗು, ಮಕ್ಕಳ ಕೋಚಿಂಗ್ ಕ್ಲಾಸಿನ ಫೀ, ಇಷ್ಟರಲ್ಲೇ ಅವರ ದಿನ ಮುಗಿದುಹೋಗುತ್ತದೆ. ಮುಂಜಾನೆ ಎದ್ದಾಗಿನಿಂದ ರಾತ್ರಿ ಮಲಗುವತನಕ ಧಾರವಾಡದ ಮಾತೇ ಕೇಳಬೇಕು ಅನ್ನುವವರು ಬೆಂಗಳೂರಿನ ಕನಕಪುರ ರಸ್ತೆಗೆ ಬರಬೇಕು. ಅಲ್ಲಿಯ ಒಂದು ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿ, ಮಗ-ಸೊಸೆಯ ಮನೆಯ ಬಾಲ್ಕನಿಯಲ್ಲಿ, ಬೆತ್ತದ ಕುರ್ಚಿ ಹಾಕಿಕೊಂಡು ಯಾದಿ ಕಾಕಾ ಕೂತಿರುತ್ತಾರೆ.

ಅವರಿಗೆ ಹೆಸರು ಬೇರೆ ಇದೆ. ಪಾಸ್‌ಬುಕ್ಕು ಮತ್ತು ಪಿಂಚಣಿ ಕಾಗದ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿಲ್ಲ. ಬಳಗದಲ್ಲಿ ಮದುವೆಯಿದ್ದರೆ ಕರೆಯಬೇಕಾದವರ ಯಾದಿ, ಗಣಪತಿ ಹಬ್ಬ ಬಂದರೆ ಸಾಮಾನಿನ ಯಾದಿ, ಯಾರಾದರೂ ಹೋಗಿಬಿಟ್ಟರೆ ಫೋನು ಮಾಡಿ ತಿಳಿಸಬೇಕಾದವರ ಯಾದಿ, ಎಲ್ಲ ಕಾಕಾನ ಕೈಯಲ್ಲೇ ಆಗಬೇಕು. "ಯಾದಿ ಮ್ಯಾಲೆ ಶಾದಿ" ಅಂತ ನಮ್ಮ ಕಡೆ ಸರಳ ಮದುವೆಗೆ ಹೇಳುತ್ತಾರೆ. ಕಾಕಾನ ಕೈಗೆ ಸಿಕ್ಕರೆ ಶಾದಿ ಮುಗಿದು ಮೊಮ್ಮಕ್ಕಳಾದರೂ ಯಾದಿ ಮುಗಿಯುವುದಿಲ್ಲ. ಬ್ಯಾಂಕಿನಲ್ಲಿ ಇದ್ದಾಗ ಸಾಲ ಕಟ್ಟದವರ ಯಾದಿ ಮಾಡುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಮಾಡಲಿಕ್ಕೆ ಹಾಡು ಸಿಕ್ಕಿತು.

ಹಾಡಿನ ಯಾದಿಗೆ ಕಾರಣ ಮೈಸೂರು. ಕಾಕಾನ ಹಳೆಯ ಸಹೋದ್ಯೋಗಿಯೊಬ್ಬರು ಒಂದು ದಿನ ವಾಟ್ಸಾಪಿನಲ್ಲಿ ಮೈಸೂರಿನ ಪ್ಲೇಲಿಸ್ಟ್ ಒಂದನ್ನು ಕಳಿಸಿದರು. ಊರಿನವರೆಲ್ಲ ಸೇರಿ ಮಾಡಿದ್ದಂತೆ. ವೀಣೆ, ವಾಸುದೇವಾಚಾರ್ಯರ ಕೃತಿಗಳು, ಜಯಚಾಮರಾಜ ಒಡೆಯರ ರಚನೆಗಳು, ಚೌಡಯ್ಯನವರ ಏಳು ತಂತಿಯ ಪಿಟೀಲು, ಕೊನೆಗೆ ಮೈಸೂರು ಮಲ್ಲಿಗೆ. ಎಲ್ಲ ಓರಣ. ಎಲ್ಲರೂ ಕೇಳಿ, ಬಹಳ ಚೆನ್ನಾಗಿದೆ ಅಂದು, ಹೊತ್ತಿಗೆ ಸರಿಯಾಗಿ ಮಲಗಿಕೊಂಡಿದ್ದರು. ಕಾಕಾನ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಿವುಚಿದಂತಾಯಿತು. "ಒಬ್ರರೆ ಜಗಳಾ ಆಡ್ಯಾರೇನು ನೋಡು ತಮ್ಮಾ. ಜಗಳಿಲ್ಲದ ಯಾದಿ ಅದೆಂಥಾ ಯಾದಿ? ನಾವು ಮಾಡೋಣು, ಹ್ಯಾಂಗಿರ್ತದ ತೋರಸೋಣು" ಅಂದರು.

ಅಂದೇ ಸಂಜೆ ಫೇಸ್‌ಬುಕ್ಕಿಗೂ ತಾವಿರುವ ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ ಒಂದು ಪ್ರಕಟಣೆ ಹೋಯಿತು. ಕಾಕಾ ಇರುವ ಗ್ರೂಪುಗಳೆಂದರೆ ಕರ್ನಾಟಕ ಕಾಲೇಜಿನ ಹಳೆಯ ವಿದ್ಯಾರ್ಥಿಗಳದು, ಮಾಳಮಡ್ಡಿ ಓಣಿಯವರದು, ಬ್ಯಾಂಕ್ ಪಿಂಚಣಿದಾರರದು, ಸೋದರಮಾವನ ಕಡೆಯವರದು, ಮತ್ತು ಮಧುಮೇಹಿಗಳದು. "ಧಾರವಾಡ ಅಂದಕೂಡ್ಲೆ ನಿಮ್ಮ ಕಿವಿಯೊಳಗ ಯಾವ ಹಾಡು ಬರ್ತದ? ಒಬ್ಬರಿಗೆ ಒಂದೇ. ಕಾರಣ ಕಡ್ಡಾಯ. ಆರಿಸಿದ ಹಾಡುಗಳನ್ನು ಎಲ್ಲರೂ ಕೇಳುವಂಥ ಒಂದೇ ಪ್ಲೇಲಿಸ್ಟಿಗೆ ಏರಿಸಲಾಗುವುದು. ಸಂಚಾಲಕರ ತೀರ್ಮಾನವೇ ಅಂತಿಮ." ಸಂಚಾಲಕರನ್ನು ಯಾರು ನೇಮಿಸಿದರು ಅಂತ ಯಾರೂ ಕೇಳಲಿಲ್ಲ. ಇಂಥ ಹುದ್ದೆಗಳಿಗೆ ಯಾವ ಊರಿನಲ್ಲೂ ನೇಮಕಾತಿ ಆಗುವುದಿಲ್ಲ. ಮನುಷ್ಯ ತಾನೇ ಹೋಗಿ ಕುರ್ಚಿಯಲ್ಲಿ ಕೂಡುತ್ತಾನೆ.

ಉತ್ತರಗಳು ಮಳೆಗಾಲದ ಹಳ್ಳ ಬಂದಂತೆ ಬಂದವು. ಮೊದಲು ಬಂದವು ಕೈಮುಗಿದ ಚಿತ್ರಗಳು. ಆಮೇಲೆ ಪೇಡೆಯ ಫೋಟೋಗಳು. ಒಬ್ಬರು ಸಾಧನಕೇರಿಯ ಮಳೆಯ ಸಪ್ಪಳವನ್ನಷ್ಟೇ ಮೊಬೈಲಿನಲ್ಲಿ ಹಿಡಿದು ಕಳಿಸಿ, "ಇದಕ್ಕಿಂತ ಛೊಲೊ ಹಾಡು ಯಾವುದದರೀ?" ಅಂದರು. ಇನ್ನೊಬ್ಬರು ತಮ್ಮ ಮಗಳ ಜೂನಿಯರ್ ಪರೀಕ್ಷೆಯ ಭೂಪ ರಾಗ ಕಳಿಸಿದರು. ಹಾಡಿನ ನಡುವೆ ಕುಕ್ಕರ್ ಸೀಟಿ ಸ್ಪಷ್ಟವಾಗಿ, ಶ್ರುತಿಗೆ ಹತ್ತಿರವಾಗಿಯೇ ಕೂಗುತ್ತದೆ. ದುಬೈಯಲ್ಲಿರುವ ಒಬ್ಬರು ಲತಾ ಮಂಗೇಶ್ಕರರ ಹಿಂದಿ ಹಾಡು ಸೂಚಿಸಿದರು. ಕಾರಣದ ಜಾಗದಲ್ಲಿ "ಈ ಹಾಡು ಹಚ್ಚಿದಾಗ ನಾ ಸಪ್ತಾಪುರದೊಳಗ ಸೈಕಲ್ ಮ್ಯಾಲಿಂದ ಬಿದ್ದಿದ್ದೆ" ಎಂದಿತ್ತು. ಕಾಕಾ ಬಹಳ ಹೊತ್ತು ಯೋಚಿಸಿ ಅದನ್ನು ತೆಗೆದುಕೊಂಡರು. ಬಿದ್ದದ್ದು ಧಾರವಾಡದಲ್ಲೇ ತಾನೆ? ಊರಲ್ಲಿಯೇ ಇರುವ ಒಬ್ಬರಿಂದ ಮಾತ್ರ ಬೇರೆ ಥರದ ಉತ್ತರ ಬಂತು: "ಕಾಕಾ, ಹಾಡು ಇರ್ಲಿ. ನಮ್ಮ ಓಣಿಗೆ ನೀರು ಯಾವಾಗ ಬಿಡ್ತಾರ, ಅದರದೊಂದು ಯಾದಿ ಮಾಡ್ರಿ." ಅವರನ್ನು ಕಾಕಾ ಅರಸಿಕರ ಯಾದಿಗೆ ಸೇರಿಸಿದರು. ಹೌದು, ಅದೂ ಒಂದು ಇದೆ.

ಬಂದ ಹಾಡುಗಳು ನೇರವಾಗಿ ಮೊಬೈಲಿಗೆ ಹೋಗುವುದಿಲ್ಲ. ಮೊದಲು ಕೆಂಪು ಬಟ್ಟೆ ಸುತ್ತಿದ ರಟ್ಟಿನ ಖಾತೆ ಪುಸ್ತಕಕ್ಕೆ ಹೋಗುತ್ತವೆ. ಆ ಪುಸ್ತಕ ನಾನು ನೋಡಿದ್ದೇನೆ. ಅಡಿಪಟ್ಟಿ ಇಟ್ಟು ಎಳೆದ ಗೆರೆಗಳು. ಅನುಕ್ರಮ ಸಂಖ್ಯೆ, ಹಾಡಿದವರು, ಹುಟ್ಟೂರು, ರಾಗ, ಪ್ರಹರ, ಕಳಿಸಿದವರು, ಕೊನೆಗೆ ಷರಾ. ಬೇರೆ ಕಾಲಮ್ಮುಗಳಲ್ಲಿ ನೀಲಿ ಶಾಯಿ, ಷರಾದಲ್ಲಿ ಮಾತ್ರ ಕೆಂಪು. ಬ್ಯಾಂಕಿನ ಚಾಳಿ. "ಖರೇ ಧಾರವಾಡ." "ಅರ್ಧ ಧಾರವಾಡ." "ಹುಬ್ಬಳ್ಳಿ, ಆದ್ರೂ ನಡೀತದ." "ಪುಣೇಕ್ಕ ಹೋಗ್ಯಾರ, ಆದ್ರ ಮರತಿಲ್ಲ." ಒಂದು ಕಡೆ ಬರೀ "ಛೀ" ಎಂದಿತ್ತು. ಯಾವ ಹಾಡು ಅಂತ ನೋಡುವಷ್ಟರಲ್ಲಿ ಕಾಕಾ ಪುಟ ತಿರುವಿದರು.

ಹುಟ್ಟೂರಿನ ಕಾಲಮ್ಮಿನಲ್ಲಿಯೇ ಕಥೆ ಶುರುವಾಗುವುದು.

ಮಲ್ಲಿಕಾರ್ಜುನ ಮನಸೂರರ ಬಗ್ಗೆ ತಂಟೆಯಿಲ್ಲ. ಮನಸೂರು ಧಾರವಾಡದ ಪಕ್ಕದ ಹಳ್ಳಿ, 1910ರಲ್ಲಿ ಹುಟ್ಟಿದರು, ಜೈಪುರ-ಅತ್ರೌಲಿ ಗಾಯಕಿಯನ್ನು ಮಂಜಿಖಾನ್, ಬುರ್ಜಿಖಾನ್ ಅವರಿಂದ ಕಲಿತು ಬಂದು ಧಾರವಾಡದಲ್ಲೇ ಉಳಿದರು, 1992ರಲ್ಲಿ ತೀರಿಕೊಂಡರು. "ಖರೇ ಧಾರವಾಡ." ಆದರೆ ಗಂಗೂಬಾಯಿ ಹಾನಗಲ್ಲರು? ಹೆಸರಿನಲ್ಲಿ ಹಾನಗಲ್ಲು, ಬಾಳಿ ಬದುಕಿದ್ದು ಹುಬ್ಬಳ್ಳಿ. ಹುಬ್ಬಳ್ಳಿಯವರು ತಕ್ಷಣ ಎದ್ದರು: "ಬಾಯಿ ನಮ್ಮವರು. ನಿಮ್ಮ ಯಾದಿಯೊಳಗ ಹ್ಯಾಂಗ ಬರ್ತಾರ?" ಕಾಕಾ ಇಂಥ ಗಳಿಗೆಗಾಗಿಯೇ ಕಾದಿದ್ದರು. 1913ರಲ್ಲಿ ಅವರು ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ "ಇನ್ನೇನರೆ ಅದನು?" ಎಂದು ಬರೆದರು. ಹುಬ್ಬಳ್ಳಿಯವರು ಸುಮ್ಮನಾಗುವ ಪೈಕಿಯಲ್ಲ. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆ ಆದಾಗ ಅದರ ಹೆಸರಿನಲ್ಲಿ ಹುಬ್ಬಳ್ಳಿ ಮೊದಲು ಬಂತು, ಧಾರವಾಡ ಆಮೇಲೆ. ಆದಕಾರಣ ಯಾದಿಯ ಹೆಸರೂ ಹುಬ್ಬಳ್ಳಿ-ಧಾರವಾಡ ಎಂದೇ ಆಗಬೇಕು ಎಂದು ಒಬ್ಬರು ಪಾಯಿಂಟು ಎತ್ತಿದರು. "ಹಾಡಿನ್ಯಾಗ ಪಾಲಿಕೆ ತರಬ್ಯಾಡ್ರಿ, ಹಾಡೂ ತಗ್ಗು ಬೀಳ್ತಾವ" ಎಂದು ಕಾಕಾ ಉತ್ತರ ಕೊಟ್ಟದ್ದು ಆ ವಾರದ ಅತ್ಯಂತ ಹೆಚ್ಚು ಫಾರ್ವರ್ಡ್ ಆದ ಸಂದೇಶ.

ಭೀಮಸೇನ ಜೋಶಿಯವರ ವಿಷಯಕ್ಕೆ ಬಂದಾಗ ಗದಗಿನವರು ಬಂದರು. ಗದಗು ಮತ್ತು ಹಾವೇರಿ 1997ರಲ್ಲಿ ಬೇರೆ ಜಿಲ್ಲೆಗಳಾದವು. ಅದಕ್ಕೂ ಮೊದಲು ಎಲ್ಲ ಧಾರವಾಡ ಜಿಲ್ಲೆಯೇ. ಕಾಕಾನ ನಿಲುವು ಸ್ಪಷ್ಟ: ಜೋಶಿಯವರು 1922ರಲ್ಲಿ ಹುಟ್ಟುವಾಗ ಜಿಲ್ಲೆ ಯಾವುದಿತ್ತು? ಧಾರವಾಡ. ಸರಕಾರ ಆಮೇಲೆ ನಕಾಶೆ ಬದಲಿಸಿದರೆ ಹುಟ್ಟಿದವರು ತಿರುಗಿ ಹುಟ್ಟಲಿಕ್ಕೆ ಆಗುತ್ತದೆಯೇ? ಇದೇ ನ್ಯಾಯದಿಂದ ಶಿಶುನಾಳ ಶರೀಫರೂ ಯಾದಿಗೆ ಬಂದರು. ಅವರು 1889ರಲ್ಲೇ ತೀರಿಕೊಂಡವರಾದ್ದರಿಂದ ಹಾವೇರಿ ಜಿಲ್ಲೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ ಎಂಬುದು ಕಾಕಾನ ವಾದ. ಹೀಗೆ 1997ರ ಹಿಂದಿನ ನಕಾಶೆಯನ್ನು ಹಾಡಿನ ಮೂಲಕ ಅವರು ಮತ್ತೆ ಜಾರಿಗೆ ತಂದರು. ಗದಗಿನ ಒಬ್ಬ ಮೇಷ್ಟ್ರು "ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಒಯ್ಯಾಕ ಬಂದ್ರ ನೋಡ್ರಿ ಮತ್ತ!" ಎಂದು ಗುಡುಗಿ ಗ್ರೂಪು ಬಿಟ್ಟುಹೋದರು. ಒಂದು ವಾರದ ಮೇಲೆ ತಾವಾಗಿಯೇ ಮರಳಿ ಬಂದರು. ಬಿಟ್ಟುಹೋದ ಮೇಲೆ ಏನೇನು ಮಾತಾಡಿದರು ಅನ್ನುವುದು ತಿಳಿಯದೆ ಅವರಿಗೆ ನಿದ್ದೆ ಬಂದಿರಲಿಲ್ಲ.

ಕುಮಾರ ಗಂಧರ್ವರು ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದವರು. ಅವರನ್ನು ಬಿಡಬೇಕು ಎಂದರೆ ಕಾಕಾನಿಗೆ ಸಂಕಟ, ಹಿಡಿಯಬೇಕೆಂದರೆ ನಕಾಶೆ ಸಾಲದು. ಮೂರು ದಿನ ಪುಸ್ತಕದಲ್ಲಿ ಆ ಸಾಲು ಖಾಲಿ ಇತ್ತು. ನಾಲ್ಕನೆಯ ದಿನ ಷರಾ ಬಂತು: "ಅತಿಥಿ."

ಇನ್ನೊಂದು ದೊಡ್ಡ ವ್ಯಾಜ್ಯ ಬೇಂದ್ರೆಯವರದು. ಹಾಡು ಯಾರ ಊರಿನದು? ಬರೆದವರದೋ, ಹಾಡಿದವರದೋ? 1967ರ ಬೆಳ್ಳಿ ಮೋಡ ಚಿತ್ರದಲ್ಲಿ ಬೇಂದ್ರೆಯವರು ಬೆಳಗಿನ ಬಗ್ಗೆ ಬರೆದ ಕವನವನ್ನು ಎಸ್. ಜಾನಕಿ ಹಾಡಿದ್ದಾರೆ. ಜಾನಕಿಯವರು ಆಂಧ್ರದವರು, ಸಂಗೀತ ಕೊಟ್ಟ ವಿಜಯಭಾಸ್ಕರ್, ನಿರ್ದೇಶಿಸಿದ ಪುಟ್ಟಣ್ಣ ಕಣಗಾಲ್ ಯಾರೂ ನಮ್ಮ ಕಡೆಯವರಲ್ಲ. ಹಾಡಿನಲ್ಲಿ ಧಾರವಾಡದ್ದು ಎಂದರೆ ಮಾತು ಮಾತ್ರ. ಪುಣೆಯ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಈ ಲೆಕ್ಕದಲ್ಲಿ ಶರೀಫರ ಪದಗಳಿಗೆ ರಾಜ್ಯಕ್ಕೆಲ್ಲ ದನಿ ಕೊಟ್ಟ ಸಿ. ಅಶ್ವತ್ಥರೂ ಒಳಗೆ ಬರುತ್ತಾರೆ, 1990ರ ಸಂತ ಶಿಶುನಾಳ ಶರೀಫ ಚಿತ್ರವೂ ಬರುತ್ತದೆ, ನಾಳೆ ಶರೀಫರ ಪದ ಹಾಡಿದ ರಘು ದೀಕ್ಷಿತರ ಗಿಟಾರೂ ಬರುತ್ತದೆ, ಇದಕ್ಕೆ ಕೊನೆ ಎಲ್ಲಿ ಎಂದು ಮರಾಠಿ ಬೆರೆತ ಕನ್ನಡದಲ್ಲಿ ಉದ್ದನೆಯ ಪತ್ರ ಬರೆದರು. ಕಾಕಾ ಒಂದೇ ಸಾಲಿನಲ್ಲಿ ಮುಗಿಸಿದರು: "ಕವಿ ನಮ್ಮಾಂವ. ದನಿ ಪರಊರಿನ ಸೊಸಿ. ಮನಿ ತುಂಬಿಸ್ಕೋರಿ." ಅಲ್ಲಿಗೆ ಗಿಟಾರಿನ ಸಮೇತ ಎಲ್ಲರೂ ಒಳಗೆ ಬಂದರು. ಕಾಕಾನ ಈ ತೀರ್ಪಿಗೆ ನಾನು ಕೈ ಎತ್ತಿ ಒಪ್ಪಿಗೆ ಕೊಟ್ಟಿದ್ದೇನೆ. ಊರಿನ ಹಾಡು ಊರಿನವರೇ ಹಾಡಬೇಕು ಎಂದಿದ್ದರೆ ಶರೀಫರ ಪದ ಶಿಶುನಾಳ ದಾಟುತ್ತಲೇ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಹಾಡುಗಳು ಮೊಬೈಲಿಗೆ ಏರಬೇಕು. ಆ ಕೆಲಸ ಪಿಯುಸಿ ಓದುವ ಮೊಮ್ಮಗಳದು. ಅವಳು ಸ್ಪಾಟಿಫೈಯಲ್ಲಿ ಯಾದಿ ತೆರೆದು, ಎಲ್ಲರೂ ಹಾಡು ಸೇರಿಸಬಹುದಾದಂಥ ವ್ಯವಸ್ಥೆ ಮಾಡಿ, ಲಿಂಕು ಕೊಟ್ಟಳು. ಸೇರಿಸಬಹುದು ಎಂದರೆ ತೆಗೆಯಲೂಬಹುದು, ಮೇಲಿನದನ್ನು ಕೆಳಗೆ ಹಾಕಲೂಬಹುದು ಎಂಬ ಭಾಗವನ್ನು ಅವಳು ಹೇಳಿದ್ದಳು. ಕಾಕಾ ಆಗ ಷರಾ ಬರೆಯುತ್ತಿದ್ದರು. ಮರುದಿನ ಮುಂಜಾನೆ ನೋಡಿದರೆ ಮನಸೂರರ ಒಂದೇ ರಾಗ ಐದು ಕಡೆ ಇತ್ತು, ಮೊದಲನೆಯ ಸ್ಥಾನದಲ್ಲಿದ್ದ ಬಸವರಾಜ ರಾಜಗುರುಗಳು ಕೆಳಗೆಲ್ಲೋ ಇಳಿದಿದ್ದರು, ಯಾರದೋ ಭಾಚಾ ಒಬ್ಬ ಪಂಜಾಬಿ ಡ್ಯಾನ್ಸ್ ಹಾಡನ್ನು ನಡುವೆ ತುರುಕಿದ್ದ, ಗಂಗೂಬಾಯಿಯವರು ಕಾಣೆಯಾಗಿದ್ದರು. "ಹುಬ್ಬಳ್ಳಿಯವರು ಒಯ್ದಾರ!" ಎಂದು ಕಾಕಾ ಬಾಲ್ಕನಿಯಿಂದಲೇ ಕೂಗಿದರು. ಕೆಳಗೆ ವಾಕಿಂಗ್ ಮಾಡುತ್ತಿದ್ದವರು ಯಾವುದೋ ಕಾರು ಕಳುವಾಯಿತು ಅಂದುಕೊಂಡರು.

ಪರಿಶೀಲನಾ ಸಮಿತಿ ರಚನೆಯಾಯಿತು. ವಿಡಿಯೋ ಕರೆಯಲ್ಲಿ ಮೊದಲ ಸಭೆ. ಬೆಂಗಳೂರಿನಲ್ಲಿ ಕಾಕಾ ಗಿರ್ಮಿಟ್ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ನ್ಯೂಜೆರ್ಸಿಯವರಿಗೆ ಅದನ್ನು ನೋಡಿಯೇ ಗಂಟಲು ಕಟ್ಟಿತು. ದುಬೈಯವರು ಕ್ಯಾಮೆರಾ ಹಣೆಯ ಮೇಲಿಟ್ಟಿದ್ದರಿಂದ ಅವರ ಛಾವಣಿಯ ಫ್ಯಾನು ಮಾತ್ರ ಸಭೆಯಲ್ಲಿ ಭಾಗವಹಿಸಿತು. ಗದಗಿನ ಮೇಷ್ಟ್ರು ಬಾಯಿ ಆಡಿಸುತ್ತಿದ್ದರು, ಸಪ್ಪಳವಿಲ್ಲ. "ಸರ, ನಿಮ್ಮ ದನಿ ಬರವಲ್ದು!" ಎಂದು ಎಲ್ಲರೂ ಒಟ್ಟಿಗೆ ಕೂಗಿದ್ದು ಅಂದಿನ ಸಭೆಯಲ್ಲಿ ಸರ್ವಾನುಮತದಿಂದ ಆದ ಒಂದೇ ಕಾರ್ಯಕಲಾಪ. ಮೇಷ್ಟ್ರ ದನಿ ಬರತೊಡಗಿದ ಮೇಲೆ, ಮೊದಲೇ ಛೊಲೊ ಇತ್ತು ಅಂತ ಅನ್ನಿಸಿತು.

ಸಮಿತಿಯ ಮುಂದೆ ಬಂದ ನಿಜವಾದ ಸಂಕಟ ಬೇರೆಯದು. ಹಿಂದೂಸ್ತಾನಿ ರಾಗಗಳಿಗೆ ಹೊತ್ತು ಇದೆ. ಇಡೀ ದಿನಕ್ಕೆ ಎಂಟು ಪ್ರಹರ, ಒಂದೊಂದು ಪ್ರಹರ ಮೂರು ತಾಸು. ಭೈರವ, ತೋಡಿ ಮುಂಜಾನೆ. ಭೀಮಪಲಾಸ ಮಧ್ಯಾಹ್ನ ಇಳಿದ ಮೇಲೆ. ಪೂರಿಯಾ, ಮಾರವಾ ಹೊತ್ತು ಮುಳುಗುವಾಗ. ಮಾಲಕಂಸ, ದರಬಾರಿ ರಾತ್ರಿ. ಧಾರವಾಡದ ಕಿವಿಗೆ ಇದು ಊಟದ ಹೊತ್ತಿನಷ್ಟೇ ಗಟ್ಟಿಯಾದ ನಿಯಮ. ಕರ್ನಾಟಕ ಸಂಗೀತ ಕೇಳುವ ಬೆಂಗಳೂರಿನ ನೆರೆಮನೆಯವರು "ನಮಗೆ ಆ ತಾಪತ್ರಯ ಇಲ್ಲ ಸಾರ್" ಅಂದದ್ದಕ್ಕೆ ಕಾಕಾ ಎರಡು ದಿನ ಲಿಫ್ಟಿನಲ್ಲಿ ಮಾತಾಡಿಸಿರಲಿಲ್ಲ. ಇಂಥ ಮನುಷ್ಯನ ಎದುರಿಗೆ ಮೊಮ್ಮಗಳು ಬಂದು, "ಅಜ್ಜಾ, ಎದಕ್ಕ ಇಷ್ಟ್ ತಲೀ ಕೆಡಿಸ್ಕೋತಿ? ಶಫಲ್ ಒತ್ತು, ಅದs ತನಗ ಬೇಕಾದ್ದು ಹಾಡ್ತದ" ಅಂದಳು. ಒತ್ತಿಯೂ ಬಿಟ್ಟಳು. ರಾತ್ರಿ ಹತ್ತೂವರೆಗೆ ಕನಕಪುರ ರಸ್ತೆಯ ಮೇಲೆ ಲಲತ ರಾಗ ಶುರುವಾಯಿತು. ಲಲತವೆಂದರೆ ಕೋಳಿ ಕೂಗುವ ಹೊತ್ತಿನದು. ಕಾಕಾ ಎದ್ದು ನಿಂತುಬಿಟ್ಟರು. "ಅಯ್ಯಯ್ಯೋ, ಬಂದ ಮಾಡs ಅದನ್ನ! ಈಗ ಹಲ್ಲು ಉಜ್ಜಬೇಕೋ, ಮಲಗಬೇಕೋ?" ಎಂದು ಒದ್ದಾಡಿದರು. ಸೊಸೆ ಸ್ಪೀಕರಿನ ವೈರನ್ನೇ ಕಿತ್ತ ಮೇಲೆ ಮನೆಯಲ್ಲಿ ರಾತ್ರಿಯಾಯಿತು.

ಪರಿಹಾರವಾಗಿ ಒಂದು ಯಾದಿ ಎಂಟು ಯಾದಿಗಳಾದವು, ಪ್ರಹರಕ್ಕೊಂದು. ಮನಸೂರರಿಂದ ಅದೂ ಕೆಟ್ಟಿತು. ಅವರು ಹಾಡಿದ್ದೇ ಅಪರೂಪದ ರಾಗ, ಜೋಡ ರಾಗ. ಎರಡು ರಾಗ ಕೂಡಿ ಆದದ್ದನ್ನು ಯಾವ ಪ್ರಹರದಲ್ಲಿ ಇಡಬೇಕು ಎಂದು ಸಮಿತಿ ತಲೆಯ ಮೇಲೆ ಕೈ ಹೊತ್ತಿತು. ಅಂಥವಕ್ಕಾಗಿ ಒಂಬತ್ತನೆಯ ಯಾದಿ. ಸಿನಿಮಾ, ಭಾವಗೀತೆ, ಶರೀಫರ ಪದಗಳಿಗೆ ಪ್ರಹರವಿಲ್ಲವಾದ್ದರಿಂದ ಹತ್ತನೆಯದು. ಸಿತಾರದವರು, ಅಂದರೆ ರಹಿಮತ್ ಖಾನರ ಮನೆತನದ ಅಭಿಮಾನಿಗಳು, ಬಾಲೇಖಾನರನ್ನು ಹಾಡುವವರ ನಡುವೆ ಕೂಡಿಸುವುದು ಅಗೌರವ ಎಂದಾಗ ಹನ್ನೊಂದನೆಯದು. ಕುಕ್ಕರ್ ಸೀಟಿಯ ಭೂಪ ರಾಗ ಇದರಲ್ಲಿ ಎಲ್ಲಿದೆ ಎಂದು ಆ ಮಗುವಿನ ತಾಯಿ ಇನ್ನೂ ಕೇಳುತ್ತಿದ್ದಾರೆ.

ತರುಣರಿಗೆ ಇನ್ನೊಂದು ಆಕ್ಷೇಪ: ಹಾಡು ಉದ್ದ. ಈ ಆ್ಯಪುಗಳಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ನಮ್ಮ ಕಡೆಯವರು ಮೂವತ್ತು ಸೆಕೆಂಡಿನಲ್ಲಿ ಷಡ್ಜ ಹಚ್ಚಿ, ತಂಬೂರಿಯವನ ಕಡೆ ಒಮ್ಮೆ ನೋಡಿರುತ್ತಾರೆ, ಅಷ್ಟೇ. "ಕಾಕಾ, ಹಾಡು ಯಾವಾಗ ಶುರು ಆಗ್ತೈತ್ರೀ?" ಎಂದು ಒಬ್ಬ ಹುಡುಗ ಗ್ರೂಪಿನಲ್ಲಿ ಮುಗ್ಧವಾಗಿ ಕೇಳಿದ. ಹದಿನೈದು ನಿಮಿಷ ಕೇಳಿದ ಮೇಲೆ ಕೇಳಿದ್ದ, ಪಾಪ. ಅವನಿಗೆ ಕಾಕಾ ಬೈಯಲಿಲ್ಲ. ಆಶ್ಚರ್ಯವೆಂದರೆ, ಅವನ ಪ್ರಶ್ನೆಯಿಂದಲೇ ಈ ಯಾದಿಯ ಅತ್ಯುತ್ತಮ ವಸ್ತು ಹೊರಗೆ ಬಂತು.

ಗ್ರೂಪಿನಲ್ಲಿ ಎಂದೂ ಬಾಯಿ ಬಿಡದಿದ್ದ ವೈನಿಯೊಬ್ಬರು, ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕ ಹಳೆಯ ಗ್ರಾಮಾಫೋನ್ ತಟ್ಟೆಯೊಂದರ ಫೋಟೋ ಹಾಕಿ, "ಇದು ಸಣ್ಣದದ, ಹುಡುಗೂರಿಗೆ ಆಗ್ತದೇನು ನೋಡ್ರಿ. ಗಾಂಧಾರಿ ಅಂತ ಹೆಸರದ, ಯಾರೋ ಗೊತ್ತಿಲ್ಲ" ಅಂದರು. ಕಾಕಾ ಉತ್ತರ ಬರೆಯಲಿಲ್ಲ, ಫೋನೇ ಮಾಡಿದರು. ನಾನು ಎದುರಿಗೇ ಇದ್ದೆ. ಅವರ ಕೈ ನಡುಗುತ್ತಿತ್ತು. "ವೈನಿ, ಆ ತಟ್ಟೀ ಕೆಳಗ ಇಡಬ್ಯಾಡ್ರಿ. ಯಾರ ಕೈಯಾಗೂ ಕೊಡಬ್ಯಾಡ್ರಿ. ಅದು ಗಂಗೂಬಾಯಿಯವರರೀ!" 1930ರ ದಶಕದ ಆರಂಭದಲ್ಲಿ, ಅವರಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಎಚ್‌ಎಂವಿಯವರು ಅವರ ಹಾಡುಗಳನ್ನು ಗಾಂಧಾರಿ ಎಂಬ ಹೆಸರಿನಲ್ಲಿ ತಟ್ಟೆಗೆ ತಂದಿದ್ದರು. ಆ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ನಿಮಿಷದ ಹಾಡು. ಆಲಾಪವೂ ಅದರಲ್ಲೇ, ತಾನವೂ ಅದರಲ್ಲೇ. ವೈನಿಯ ಮಗ ಅದನ್ನು ಯಾರಿಂದಲೋ ಮೊಬೈಲಿಗೆ ಇಳಿಸಿ ಕಳಿಸಿದ. ಗರಗರ ಸಪ್ಪಳದ ಹಿಂದೆ ಒಂದು ಎಳೆಯ, ತೆಳ್ಳನೆಯ, ಏರು ದನಿ. ನಾವೆಲ್ಲ ಕೇಳಿದ ಗಂಗೂಬಾಯಿಯವರದು ಗಂಡಸರನ್ನೂ ಅಂಜಿಸುವ ಭಾರದ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಹಾಗಾಯಿತು, ಅದನ್ನೇ ಅವರು ತಮ್ಮ ಗಾಯಕಿಯ ಬಲ ಮಾಡಿಕೊಂಡರು. "ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕ ಹೋಗಿ ಸವಾಯಿ ಗಂಧರ್ವರ ಕಡೆ ಕಲತಾಕಿ" ಎಂದು ಕಾಕಾ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದರು. ಆ ಉತ್ಸಾಹದಲ್ಲಿ, ಕಾದಿಟ್ಟುಕೊಂಡಿದ್ದ ವಾದವನ್ನೂ ಮರೆತು "ಹುಬ್ಬಳ್ಳಿಯಿಂದ" ಎಂದುಬಿಟ್ಟಿದ್ದರು. ಹುಬ್ಬಳ್ಳಿಯವರು ಆ ಸಂದೇಶವನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. "ಹಾಡು ಯಾವಾಗ ಶುರು ಆಗ್ತೈತಿ" ಅಂದಿದ್ದ ಹುಡುಗ ಆ ಮೂರು ನಿಮಿಷವನ್ನು ತನ್ನ ಫೋನಿನ ರಿಂಗ್‌ಟೋನ್ ಮಾಡಿಕೊಂಡ.

ಇಷ್ಟು ಓದಿ, ಕಾಕಾ ದಿನವಿಡೀ ಈ ಹನ್ನೊಂದು ಯಾದಿಗಳನ್ನು ಕೇಳುತ್ತ ಕೂತಿರುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ಅವರ ಸೊಸೆಯನ್ನು ಕೇಳಬೇಕು. "ಮಾವನೋರು ಯಾದಿ ಕೇಳಂಗಿಲ್ರೀ, ಯಾದಿ ಬಗ್ಗೆ ಕೇಳ್ತಾರ. ಎಷ್ಟ್ ಮಂದಿ ನೋಡ್ಯಾರ, ಯಾರು ಏನಂದ್ರು, ಹುಬ್ಬಳ್ಳಿಯವರು ಮತ್ತೇನರೆ ತಗದಾರೇನು, ಇದs." ಕಾಕಾ ಕೇಳುವುದು ಆಕಾಶವಾಣಿ. 1950ರಲ್ಲಿ ಶುರುವಾದ ಧಾರವಾಡ ನಿಲಯ ಈಗ ಮೊಬೈಲಿನಲ್ಲೂ ಬರುತ್ತದೆ. ಮುಂಜಾನೆ ಎದ್ದು ಅದನ್ನು ಹಚ್ಚಿ, ಚಹಾ ಕುಡಿಯುತ್ತ, ತಾವು ಆರಿಸದ ಹಾಡನ್ನು, ತಾವು ಬರೆಯದ ಕ್ರಮದಲ್ಲಿ, ಯಾವ ಷರಾವೂ ಇಲ್ಲದೆ ಕೇಳುತ್ತಾರೆ. ಇದನ್ನು ನಾನು ಕಾಕಾನಿಗೇ ಹೇಳಿದೆ. "ಅಲ್ಲೋ ತಮ್ಮಾ, ಹೋಟೆಲ್ ನಡಸಾಂವ ಮನೀಗೆ ಬಂದು ಅನ್ನಾ ಸಾರು ಉಣಬಾರದೇನು?" ಅಂದರು.

ಅವರೊಬ್ಬರೇ ಅಲ್ಲ, ಬೇರೆಯವರೂ ಕೇಳುವುದಿಲ್ಲ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ವಂದೇ ಭಾರತ್ ರೈಲು 2023ರಲ್ಲಿ ಶುರುವಾದ ಮೇಲೆ, ಆ ಆರೂವರೆ ತಾಸಿಗೆ ಸರಿಹೊಂದುವ ಹಾಗೆ ಕಾಕಾ ಒಂದು ವಿಶೇಷ ಆವೃತ್ತಿ ಮಾಡಿದ್ದರು. ತುಮಕೂರಿನತನಕ ಬೆಳಗಿನ ರಾಗ, ದಾವಣಗೆರೆ ದಾಟುವಾಗ ಇಂಥದ್ದು, ಹುಬ್ಬಳ್ಳಿ ಬರುವಾಗ ಗಂಗೂಬಾಯಿ, ಕೊನೆಯ ಇಪ್ಪತ್ತು ಕಿಲೋಮೀಟರಿಗೆ ಮನಸೂರರು. ಅದನ್ನು ಇಟ್ಟುಕೊಂಡು ಹೊರಟ ನಾಲ್ಕೂ ಜನ ಯಶವಂತಪುರ ದಾಟುವ ಮೊದಲೇ ಯಾದಿಯಲ್ಲಿ ಯಾರು ಯಾರನ್ನು ಬಿಟ್ಟಿದ್ದಾರೆ ಎಂದು ಚರ್ಚೆಗೆ ಬಿದ್ದು, ಧಾರವಾಡದಲ್ಲಿ ಇಳಿಯುವಾಗಲೂ ಅದನ್ನೇ ಮುಂದುವರಿಸಿದ್ದರು. ಒಂದು ಸ್ವರ ಕಿವಿಗೆ ಬಿದ್ದಿರಲಿಲ್ಲ. ಪ್ರಯಾಣ ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ ಎಂದು ನಾಲ್ವರೂ ಕಾಕಾನಿಗೆ ಧನ್ಯವಾದ ಹೇಳಿದರು.

ಎಲ್ಲ ಊರಿಗೂ ಈಗ ಇಂಥವರೊಬ್ಬರು ಇದ್ದಾರೆ. ಮಂಗಳೂರಿನವರ ಯಾದಿಯಲ್ಲಿ ತುಳು ಹಾಡಿನ ಪಕ್ಕ ಕೊಂಕಣಿ ಹಾಡು ಎಷ್ಟು ಇರಬೇಕೆಂಬ ವಾದ, ಬೆಂಗಳೂರಿನವರ ಯಾದಿಯಲ್ಲಿ ಬೆಂಗಳೂರು ಯಾವುದೆಂಬ ವಾದ. ಆದರೆ ಷರಾ ಬರೆಯುವವರು ನಮ್ಮ ಕಾಕಾ ಒಬ್ಬರೇ ಇರಬೇಕು. ನನ್ನನ್ನು ಕೇಳಿದರೆ, ಆ ಹನ್ನೊಂದು ಯಾದಿಗಳಿಗಿಂತ ಆ ಕೆಂಪು ಶಾಯಿಯ ಕಾಲಮ್ಮು ಹೆಚ್ಚು ಬೆಲೆಯದು. ಅದನ್ನು ಯಾರಾದರೂ ಅಚ್ಚು ಹಾಕಿಸಬೇಕು. ಅಚ್ಚಾದರೆ ಹುಬ್ಬಳ್ಳಿಯಲ್ಲಿ ಹೆಚ್ಚು ಪ್ರತಿ ಖರ್ಚಾಗುತ್ತವೆ.

ಯಾದಿ ಇನ್ನೂ ಮುಚ್ಚಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ 1024 ಜನರಿಗೆ ಜಾಗವಿದೆ, ಅದು ತುಂಬುವತನಕ ಮುಚ್ಚುವುದಿಲ್ಲ ಎಂದು ಸಂಚಾಲಕರ ಪ್ರಕಟಣೆ ಬಂದಿದೆ. ನೀವೂ ಒಂದು ಹಾಡು ಕಳಿಸಬಹುದು. ಹಾಡಿದವರ ಹುಟ್ಟೂರು, ರಾಗ, ಪ್ರಹರ ತಪ್ಪದೆ ಬರೆಯಿರಿ. ಗದಗಿನವರಾದರೆ 1997ರ ಮಾತು ಎತ್ತಬೇಡಿ, ಹುಬ್ಬಳ್ಳಿಯವರಾದರೆ ಪಾಲಿಕೆಯ ಮಾತು ಎತ್ತಬೇಡಿ. ಮುಂಜಾನೆ ಆರಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತಿಬಿಡಿ. ಎತ್ತದಿದ್ದರೆ ಅರಸಿಕರ ಯಾದಿಗೆ ಹೋಗುತ್ತೀರಿ, ಅದರಿಂದ ಹೆಸರು ತೆಗೆಯುವ ಅಧಿಕಾರ ಸಮಿತಿಗೂ ಇಲ್ಲ.